ದೀಕ್ಷಾ ಆ್ಯಪ್‌ನಾಗ ಟೀಚರ್ ಟ್ರೈನಿಂಗ್: 5ಕ್ಕ 4 ಸ್ಟಾರ್

ಆಳಂದ ತಾಲೂಕಿನ ಸರ್ಕಾರಿ ಸಾಲಿ ಟೀಚರ್ ನಾನು, ಕೇಂದ್ರ ಸರ್ಕಾರದ ಸಾಲಿ ಕಲಿಕೆ ಆ್ಯಪ್ ದೀಕ್ಷಾದಾಗ ನಿಷ್ಠಾ ಅನ್ನೋ ಟೀಚರ್ ಟ್ರೈನಿಂಗ್ ಕೋರ್ಸ್ ಮುಗಿಸೀನಿ. ಆ್ಯಪ್ ಶುರುವಾಗಿದ್ದು 2017ರಾಗ, ನಿಷ್ಠಾ ಮೊದ್ಲು ಎದುರಿಗೆ ಕುಂದ್ರಿಸಿ ಕೊಡ್ತಿದ್ರು, ಕೊರೊನಾ ಬಂದ ಮ್ಯಾಲ 2020ರಾಗ ಆನ್‌ಲೈನ್ ಆತು. ಕನ್ನಡದಾಗೂ ಅದ.

ಭಾಳ ಸೇರಿದ್ದು ಡೌನ್‌ಲೋಡ್ ಸೌಲಭ್ಯ, ನಮ್ಮೂರಾಗ ಟವರ್ ಸರಿ ಸಿಗಂಗಿಲ್ಲ, ಕಲಬುರಗಿಗೆ ಹೋದಾಗ ಇಳಿಸ್ಕೊಂಡು ಬಂದ್ರ ಆಮ್ಯಾಲ ನೆಟ್ ಇಲ್ದೇನೂ ಬಸ್ಸಿನಾಗ ಕುಂತು ನೋಡಬಹುದು.

ಈಗ ವಯಸ್ಸಿನ ಮಾತು: ವಯಸ್ಸಾದ ಟೀಚರ್‌ಗಳಿಗೆ ಇಂಥಾದ್ದು ಕಲಿಯೋ ಮನಸ್ಸಿಲ್ಲ ಅಂತಾರ ಕೆಲವ್ರು. ಹೊಸದಾಗಿ ಬಂದ ಟೀಚರ್‌ಗಳು ಸರಸರ ಮುಗಸ್ತಾರ ಖರೆ, ಆದ್ರ ವಿಡಿಯೋ ಓಡ್ಸಿ ಸರ್ಟಿಫಿಕೇಟ್ ತಗೊಂಡು ಕೈ ತೊಳ್ಕೊಳ್ಳೋರೂ ಅದಾರ. ನಮ್ಮ ಸಾಲ್ಯಾಗಿನ ಹಿರಿ ಮಾಸ್ತರ್, ರಿಟೈರ್‌ಮೆಂಟ್ ಹತ್ರ ಬಂದದ, ಓಟಿಪಿ ಅಂದ್ರ ಗಾಬರಿ ಆಗ್ತಾರ, ಆದ್ರ ಲಾಗಿನ್ ಒಂದು ಮಾಡ್ಕೊಟ್ರ ನೋಟ್‌ಬುಕ್ ಹಿಡ್ಕೊಂಡು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಬರ್ಕೊತಾರ, ಗಣಿತದ ಪಾಠ ನೋಡಿದ ಮರುದಿನಾನೇ ಹುಣಸೆ ಬೀಜ ಹರವಿ ಮೂರನೇತ್ತೆ ಹುಡುಗರಿಗೆ ಗುಣಾಕಾರ ಹೇಳಿಕೊಟ್ರು. ಹಿರೇರಿಗೆ ಕಲಿಯೋ ಮನಸ್ಸಿಲ್ಲ ಅನ್ನೋದು ಶುದ್ಧ ಸುಳ್ಳುರೀ! ಪಕ್ಕದಾಗ ಕುಂತು ಎಲ್ಲಿ ಒತ್ತಬೇಕು ಅಂತ ಸಮಾಧಾನದಿಂದ ತೋರ್ಸೋರು ಒಬ್ರು ಬೇಕು, ಅಷ್ಟೇ.

ಒಂದು ಸ್ಟಾರ್ ಯಾಕ ಹಿಡ್ದೀನಿ ಅಂದ್ರ, ಇಂಥಾ ವಿಡಿಯೋ ನೋಡಿ ಕಲಿಯೋ ಟ್ರೈನಿಂಗ್‌ನಾಗ ಡೌಟ್ ಬಂದ್ರ ಅಲ್ಲೇ ಎದ್ದು ಕೇಳಾಕ ಆಗಂಗಿಲ್ಲ, ಊಟಕ್ಕ ಕುಂತಾಗ ಬ್ಯಾರೆ ಸಾಲಿ ಟೀಚರ್ ಜೋಡಿ ಮಾತಾಡಿ ಕಲಿಯೋದು ತಪ್ತದ. ತಿಂಗಳಿಗೊಮ್ಮೆ ಕ್ಲಸ್ಟರ್‌ನಾಗ, ಅಂದ್ರ ಸುತ್ತಮುತ್ತಲಿನ ಸಾಲಿಗಳ ಗುಂಪಿನಾಗ, ಎಲ್ರೂ ಕೂಡಿ ಅದೇ ಪಾಠ ಚರ್ಚೆ ಮಾಡಿದ್ರ ಭಾಳ ಚಲೋ ಆಗ್ತದ.

ಹಳ್ಳಿ ಸಾಲ್ಯಾಗ ಇರೋರು ಫೋನಿನಾಗ ಜಾಗ ಖಾಲಿ ಮಾಡ್ಕೊಂಡು, ವೈಫೈ ಸಿಕ್ಕಲ್ಲಿ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ರಿ.