ಲೌಟರ್‌ಬ್ರುನೆನ್ ಕಣಿವೆಯಲ್ಲಿ ಎಲ್ಲಿಗೆ ಹತ್ತಬೇಕು? ಯುಂಗ್‌ಫ್ರಾವ್‌ಯೋಕ್, ಶಿಲ್ಟ್‌ಹಾರ್ನ್, ಮೆನ್ಲಿಖೆನ್: ಒಂದು ಹೋಲಿಕೆ

ಸ್ವಿಟ್ಜರ್‌ಲೆಂಡಿನ ಬರ್ನ್ ಪ್ರಾಂತ್ಯದ ಲೌಟರ್‌ಬ್ರುನೆನ್, ಇಂಟರ್‌ಲೇಕನ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಪುಟ್ಟ ಊರು. ಹಿಮಯುಗದಲ್ಲಿ ದೊಡ್ಡ ಹಿಮನದಿಯೊಂದು ಈ ಕಣಿವೆಯನ್ನು ಆಳವಾಗಿ ಕೊರೆಯಿತು. ಪಕ್ಕದ ಸಣ್ಣ ಕಣಿವೆಗಳು ಅಷ್ಟು ಆಳಕ್ಕೆ ಇಳಿಯಲಾಗದೆ ಮೇಲೆಯೇ ಉಳಿದುದರಿಂದ, ಅಲ್ಲಿಂದ ಬರುವ ಹಳ್ಳಗಳೆಲ್ಲ ಇಂದಿಗೂ ಬಂಡೆಯ ಅಂಚಿನಿಂದ ನೇರವಾಗಿ ಕೆಳಗೆ ಧುಮುಕುತ್ತವೆ. ಕಣಿವೆಯಲ್ಲಿ ಒಟ್ಟು 72 ಜಲಪಾತಗಳಿವೆ ಎಂದು ಊರಿನವರು ಹೇಳುತ್ತಾರೆ. ಇಲ್ಲಿಗೆ ಬಂದವರ ಮುಂದೆ ಮೇಲಕ್ಕೆ ಹೋಗುವ ದಾರಿಗಳು ಹಲವಿದ್ದು, ಎಲ್ಲವೂ ದುಬಾರಿಯಾಗಿವೆ. ಮೂರು ಮುಖ್ಯ ದಾರಿಗಳನ್ನೂ ಎರಡು ಜಲಪಾತಗಳನ್ನೂ ಅಲ್ಲಿನ ಬೇಸಿಗೆಯಲ್ಲಿ (ಜೂನ್‌ನಿಂದ ಆಗಸ್ಟ್) ಸ್ವತಃ ನೋಡಿದ ಮೇಲೆ ನನಗೆ ಮನದಟ್ಟಾದ ಸಂಗತಿಯೊಂದಿದೆ: ಎಷ್ಟು ಎತ್ತರಕ್ಕೆ ಏರಿದೆವು ಎಂಬುದಕ್ಕಿಂತ, ಏರಿ ನಿಂತಾಗ ಕಣ್ಣೆದುರಿಗೆ ಏನು ನಿಲ್ಲುತ್ತದೆ ಎಂಬುದರ ಮೇಲೆ ಟಿಕೆಟ್ ಕೊಳ್ಳುವುದು ಸರಿ.

ನಮ್ಮ ಪ್ರವಾಸ ಸಂಸ್ಥೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಸ್ಥಾನ ಪಡೆಯುವುದು ಯುಂಗ್‌ಫ್ರಾವ್‌ಯೋಕ್. ಯುಂಗ್‌ಫ್ರಾವ್ ಮತ್ತು ಮೋನ್ಶ್ ಶಿಖರಗಳ ನಡುವಿನ ಈ ತಗ್ಗಿನಲ್ಲಿ, 3,454 ಮೀಟರ್ ಎತ್ತರದಲ್ಲಿ, ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣವಿದೆ. ಜ್ಯೂರಿಕ್‌ನ ಉದ್ಯಮಿ ಅಡಾಲ್ಫ್ ಗಯರ್ ಜೆಲ್ಲರ್ ಆರಂಭಿಸಿದ ಈ ಮಾರ್ಗದ ಕೆಲಸ 1896ರಲ್ಲಿ ಶುರುವಾಯಿತು. ಅವರು 1899ರಲ್ಲಿ ತೀರಿಕೊಂಡರು, ರೈಲು ಮೇಲೆ ತಲುಪಿದ್ದು 1912ರಲ್ಲಿ. ಒಂಬತ್ತು ಕಿಲೋಮೀಟರಿಗೆ ತುಸು ಹೆಚ್ಚಿರುವ ದಾರಿಯಲ್ಲಿ ಏಳು ಕಿಲೋಮೀಟರಿಗೂ ಹೆಚ್ಚು ಭಾಗ ಐಗರ್ ಮತ್ತು ಮೋನ್ಶ್ ಪರ್ವತಗಳ ಹೊಟ್ಟೆಯೊಳಗಿನ ಸುರಂಗವಾಗಿದೆ. ಇಂಜಿನಿಯರಿಂಗ್ ಸಾಹಸವಾಗಿ ಇದು ಅದ್ಭುತವೇ ಸರಿ, ಆದರೆ ಪ್ರಯಾಣಿಕನಿಗೆ ಕಿಟಕಿಯಾಚೆ ಕಾಣುವುದು ಕತ್ತಲು ಮಾತ್ರ. ನಡುವೆ ಐಸ್‌ಮೇರ್ ನಿಲ್ದಾಣದಲ್ಲಿ ರೈಲು ಕೆಲವು ನಿಮಿಷ ನಿಂತಾಗ, ಬಂಡೆಯಲ್ಲಿ ಕೊರೆದ ಗಾಜಿನ ಕಿಟಕಿಯಿಂದ ಬಿರುಕುಬಿಟ್ಟ ಮಂಜುಗಡ್ಡೆಯ ರಾಶಿಯನ್ನು ನೋಡಬಹುದು.

ಮೇಲೆ ತಲುಪಿದ ಮೇಲೆ ನಿಜವಾದ ಬಹುಮಾನ ದಕ್ಷಿಣ ದಿಕ್ಕಿನಲ್ಲಿದೆ. ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿಯಾದ ಆಲೆಚ್ ಇಲ್ಲಿಂದಲೇ ಹೊರಟು ಇಪ್ಪತ್ತು ಕಿಲೋಮೀಟರಿಗೂ ಉದ್ದಕ್ಕೆ ತಿರುವು ಹಾಕುತ್ತ ಸಾಗುತ್ತದೆ. ಅದರ ಮೈಮೇಲೆ ಕಲ್ಲುಮಣ್ಣಿನ ಕಪ್ಪು ಗೆರೆಗಳು ಸಮಾನಾಂತರವಾಗಿ ಎಳೆದಂತೆ ಕಾಣುತ್ತವೆ. ಹಿಮನದಿಯನ್ನು ಇಷ್ಟು ಸಲೀಸಾಗಿ, ಹಿರಿಯರೂ ಮಕ್ಕಳೂ ಕಾಣಬಲ್ಲ ಜಾಗ ಕಣಿವೆಯ ಸುತ್ತ ಇನ್ನೊಂದಿಲ್ಲ. ಆದರೆ ಯಾವ ಪರ್ವತಗಳ ಹೆಸರು ಕೇಳಿ ನಾವು ಇಷ್ಟು ದೂರ ಬಂದೆವೋ ಅವು ಇಲ್ಲಿ ಕುಗ್ಗಿಹೋಗುತ್ತವೆ. 4,158 ಮೀಟರಿನ ಯುಂಗ್‌ಫ್ರಾವ್ ನಾವು ನಿಂತಲ್ಲಿಂದ ಕೇವಲ ಏಳುನೂರು ಮೀಟರ್ ಮೇಲಿದ್ದು ಹಿಮದ ದಿಬ್ಬದಂತೆ ತೋರುತ್ತದೆ, ಐಗರ್ ಮೋನ್ಶ್‌ನ ಹಿಂದೆ ಮರೆಯಾಗಿರುತ್ತದೆ. ಮಂಜಿನ ಅರಮನೆ, ಲಿಫ್ಟು, ಚಾಕೊಲೇಟ್ ಅಂಗಡಿ, ಬಾಲಿವುಡ್ ಹೆಸರಿನ ಭಾರತೀಯ ಊಟದ ಹೋಟೆಲು ಇವೆಲ್ಲ ಇದ್ದರೂ, ಜನಸಂದಣಿಯಲ್ಲಿ ಸಾಲು ನಿಂತೇ ಅರ್ಧ ಹೊತ್ತು ಕಳೆಯುತ್ತದೆ. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ, ಮೆಟ್ಟಿಲು ಹತ್ತುವಾಗ ನನಗೆ ಉಸಿರು ಕಟ್ಟಿದಂತಾಗಿ ತಲೆ ಭಾರವಾಯಿತು. ಹೃದಯದ ತೊಂದರೆ ಇರುವವರು ವೈದ್ಯರ ಮಾತು ಕೇಳಿಯೇ ಹೊರಡುವುದು ಒಳ್ಳೆಯದು. ಬೇಸಿಗೆಯಲ್ಲಿ ಹೋಗಿಬರುವ ದರ ತಲೆಗೆ ಇನ್ನೂರು ಫ್ರಾಂಕ್ ದಾಟುತ್ತದೆ. ಪ್ರವಾಸಿಗರಿಗೆ ಆ ದೇಶದ ರೈಲು, ಬಸ್ಸುಗಳಿಗೆಂದು ಕೊಡುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ದಾರಿಯ ನಡುವಿನ ವೆಂಗೆನ್ ಊರಿನವರೆಗೆ ಪ್ರಯಾಣ ಉಚಿತ, ಅಲ್ಲಿಂದ ಮೇಲಕ್ಕೆ ಸಿಗುವ ರಿಯಾಯಿತಿ ಶೇ. 25 ಮಾತ್ರ.

ಶಿಲ್ಟ್‌ಹಾರ್ನ್ ಇರುವುದು ಕಣಿವೆಯ ಎದುರು ದಂಡೆಯಲ್ಲಿ. ಎತ್ತರ 2,970 ಮೀಟರ್, ಅಂದರೆ ಯುಂಗ್‌ಫ್ರಾವ್‌ಯೋಕ್‌ಗಿಂತ ಸುಮಾರು ಐನೂರು ಮೀಟರ್ ಕಡಿಮೆ. ಆದರೆ ಈ ಕೊರತೆಯೇ ಅದರ ಲಾಭ ಎಂದು ನನಗನ್ನಿಸುತ್ತದೆ, ಏಕೆಂದರೆ ಐಗರ್, ಮೋನ್ಶ್, ಯುಂಗ್‌ಫ್ರಾವ್ ಮೂರೂ ಕಣಿವೆಯಾಚೆ ಒಂದೇ ಸಾಲಿನಲ್ಲಿ, ಬುಡದ ಕಾಡಿನಿಂದ ನೆತ್ತಿಯ ಹಿಮದವರೆಗೆ ಪೂರ್ತಿಯಾಗಿ ಕಾಣುತ್ತವೆ. ಪರ್ವತವನ್ನು ಅದರ ಹೆಗಲ ಮೇಲೆ ಕುಳಿತು ನೋಡುವುದಕ್ಕೂ ಎದುರಿನ ಜಗಲಿಯಲ್ಲಿ ಕುಳಿತು ನೋಡುವುದಕ್ಕೂ ಇರುವ ವ್ಯತ್ಯಾಸ ಇದು. ಇಲ್ಲಿನ ತಿರುಗುವ ಹೋಟೆಲಿನಲ್ಲಿ 1969ರ ಜೇಮ್ಸ್ ಬಾಂಡ್ ಚಿತ್ರದ ಚಿತ್ರೀಕರಣ ನಡೆದಿತ್ತು. ಆ ನೆನಪನ್ನು ಗೋಡೆಗೋಡೆಯಲ್ಲೂ ಮಾರುತ್ತಾರೆ, ಅದರಲ್ಲಿ ಆಸಕ್ತಿಯಿಲ್ಲದವರಿಗೆ ಸ್ವಲ್ಪ ಅತಿಯೆನಿಸಬಹುದು.

ಶಿಲ್ಟ್‌ಹಾರ್ನ್‌ಗೆ ಹೋಗುವ ದಾರಿಯಲ್ಲಿ, ಕಣಿವೆಯ ತಳದ ಸ್ಟೆಖೆಲ್‌ಬರ್ಗ್‌ನಿಂದ ಬಂಡೆಯ ಮೇಲಿನ ಮ್ಯುರೆನ್ ಊರಿಗೆ 2024ರ ಡಿಸೆಂಬರಿನಲ್ಲಿ ಆರಂಭವಾದ ಹೊಸ ಕೇಬಲ್ ಕಾರ್ ಜಗತ್ತಿನಲ್ಲೇ ಅತ್ಯಂತ ಕಡಿದಾದದ್ದು. ಅದರ ಏರು ಶೇ. 159.4, ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 159 ಮೀಟರ್ ಮೇಲೇರುತ್ತದೆ. ಮ್ಯುರೆನ್‌ಗೂ ಶಿಲ್ಟ್‌ಹಾರ್ನ್‌ಗೂ ನಡುವಿನ ಬಿರ್ಗ್ ನಿಲ್ದಾಣದಲ್ಲಿ (2,677 ಮೀಟರ್) ಬಂಡೆಯ ಪಕ್ಕಕ್ಕೆ ಅಂಟಿಸಿದ ಉಕ್ಕಿನ ಕಾಲುದಾರಿಯಿದ್ದು, ಕಾಲ ಕೆಳಗೆ ಜಾಲರಿಯಾಚೆ ಪ್ರಪಾತ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ದರ ಯುಂಗ್‌ಫ್ರಾವ್‌ಯೋಕ್‌ನ ಅರ್ಧದ ಆಸುಪಾಸಿನಲ್ಲಿದ್ದು, ಪಾಸ್ ಇದ್ದವರಿಗೆ ಮ್ಯುರೆನ್‌ವರೆಗೆ ಉಚಿತ, ಅಲ್ಲಿಂದ ಮೇಲೆ ಅರ್ಧ ದರ.

ಶಿಲ್ಟ್‌ಹಾರ್ನ್‌ಗೆ ಒಂದು ತೊಡಕಿದೆ. ಮೂರು ಶಿಖರಗಳೂ ಇಲ್ಲಿಂದ ಪೂರ್ವದ ಕಡೆಗಿರುವುದರಿಂದ ಬೆಳಗಿನ ಸೂರ್ಯ ಅವುಗಳ ಹಿಂದಿನಿಂದ ಬರುತ್ತಾನೆ, ಫೋಟೊದಲ್ಲಿ ಪರ್ವತಗಳು ಕಪ್ಪಾಗಿ ಮೂಡುತ್ತವೆ. ಮಧ್ಯಾಹ್ನದ ನಂತರ ಬೆಳಕು ಮುಖದ ಮೇಲೆ ಬೀಳುತ್ತದೆ, ಆದರೆ ಬೇಸಿಗೆಯಲ್ಲಿ ಆ ಹೊತ್ತಿಗೆ ಕಣಿವೆಯಿಂದ ಮೋಡವೂ ಏಳತೊಡಗುತ್ತದೆ. ಆಕಾಶ ತಿಳಿಯಾಗಿರುವುದು ಖಚಿತವಾದರೆ ಮಧ್ಯಾಹ್ನ, ಅನುಮಾನವಿದ್ದರೆ ಬೆಳಿಗ್ಗೆಯೇ ಹೋಗಬೇಕು. ಎಲ್ಲ ನಿಲ್ದಾಣಗಳ ಪರದೆಗಳಲ್ಲೂ ಮೇಲಿನ ಕ್ಯಾಮೆರಾದ ನೇರ ದೃಶ್ಯ ತೋರಿಸುತ್ತಾರೆ, ಅದನ್ನು ನೋಡದೆ ಟಿಕೆಟ್ ಕೊಳ್ಳಬಾರದು.

ಈ ಎರಡರ ಸದ್ದಿನಲ್ಲಿ ಹೆಚ್ಚಿನವರು ಕಡೆಗಣಿಸುವ ಮೆನ್ಲಿಖೆನ್ ನನಗೆ ಎಲ್ಲಕ್ಕಿಂತ ಹಿಡಿಸಿತು. ಲೌಟರ್‌ಬ್ರುನೆನ್‌ನಿಂದ ಹಲ್ಲುಕಂಬಿಯ ರೈಲಿನಲ್ಲಿ, ಕಾರುಗಳಿಗೆ ಪ್ರವೇಶವಿಲ್ಲದ ವೆಂಗೆನ್‌ಗೆ ಹೋಗಿ ಅಲ್ಲಿಂದ ಕೇಬಲ್ ಕಾರ್ ಹಿಡಿದರೆ, ಲೌಟರ್‌ಬ್ರುನೆನ್ ಮತ್ತು ಗ್ರಿಂಡೆಲ್‌ವಾಲ್ಡ್ ಕಣಿವೆಗಳ ನಡುವಿನ ಏಣಿನ ಮೇಲೆ ಇಳಿಯುತ್ತೇವೆ. ಎತ್ತರ 2,200 ಮೀಟರಿಗೆ ತುಸು ಹೆಚ್ಚು, ಹಾಗಾಗಿ ಉಸಿರಾಟದ ಕಷ್ಟ ಬಹುತೇಕರಿಗೆ ಇರುವುದಿಲ್ಲ. ಅಲ್ಲಿಂದ 2,061 ಮೀಟರಿನ ಕ್ಲೈನೆ ಶೈಡೆಗ್‌ವರೆಗೆ ನಾಲ್ಕೂವರೆ ಕಿಲೋಮೀಟರಿನಷ್ಟು ಉದ್ದದ ಕಾಲುದಾರಿ ನಿಧಾನವಾಗಿ ಇಳಿಯುತ್ತ ಸಾಗುತ್ತದೆ. ಒಂದೂವರೆ ಗಂಟೆಯ ಈ ನಡಿಗೆಯುದ್ದಕ್ಕೂ ಐಗರ್‌ನ ಉತ್ತರ ಗೋಡೆ ಎದುರಿಗೇ ಬೆಳೆಯುತ್ತ ಹೋಗುತ್ತದೆ. 1938ರ ಜುಲೈನಲ್ಲಿ ಹೆಕ್‌ಮೈರ್, ಫೋರ್ಗ್, ಹಾರರ್, ಕಾಸ್ಪರೆಕ್ ಎಂಬ ನಾಲ್ವರು ಮೊದಲ ಬಾರಿಗೆ ಹತ್ತಿ ಮುಗಿಸಿದ, ಅದಕ್ಕೂ ಮೊದಲು ಹಲವರ ಜೀವ ತೆಗೆದ ಗೋಡೆ ಅದು. ಅದನ್ನು ಹತ್ತಿರದಿಂದ, ಹುಲ್ಲುಗಾವಲಿನಲ್ಲಿ ಹಸುಗಳ ಗಂಟೆಯ ಸದ್ದು ಕೇಳುತ್ತ ನೋಡಲು ಸಿಗುವ ಈ ಅವಕಾಶ, ರೈಲಿನಲ್ಲಿ ಅದೇ ಪರ್ವತದ ಒಳಗೆ ಕತ್ತಲಲ್ಲಿ ಹಾದುಹೋದವರಿಗೆ ದಕ್ಕುವುದಿಲ್ಲ. ದಾರಿ ಅಗಲವಾಗಿದ್ದು ಸಾಮಾನ್ಯ ಶೂ ಸಾಕು. ಜೂನ್ ಆರಂಭದಲ್ಲಿ ಕೆಲವೆಡೆ ಹಿಮ ಉಳಿದಿರಬಹುದು, ಕೆಳಗೆಯೇ ವಿಚಾರಿಸಿಕೊಂಡು ಹೊರಡಬೇಕು. ಹಿಮವನ್ನು ಕೈಯಲ್ಲಿ ಮುಟ್ಟಲೇಬೇಕೆಂದು ಹೊರಟವರಿಗೆ ಮಾತ್ರ ನಡುಬೇಸಿಗೆಯಲ್ಲಿ ಮೆನ್ಲಿಖೆನ್ ನಿರಾಸೆ ತರಬಹುದು.

ಇನ್ನು ಕಣಿವೆಯ ತಳದ ಎರಡು ಜಲಪಾತಗಳ ವಿಷಯ. ಊರಿಗೆ ತಾಗಿಕೊಂಡೇ ಇರುವ ಸ್ಟೌಬ್‌ಬಾಖ್ 297 ಮೀಟರ್ ಎತ್ತರದಿಂದ ಬೀಳುತ್ತದೆ. ನಮ್ಮ ಜೋಗದ 253 ಮೀಟರಿಗಿಂತ ಎತ್ತರ ಎಂಬ ಲೆಕ್ಕ ಹಿಡಿದು ಹೋದ ಶಿವಮೊಗ್ಗದ ಕಡೆಯವರಿಗೆ ನೀರಿನ ಪ್ರಮಾಣ ನೋಡಿ ನಗು ಬರಬಹುದು, ಏಕೆಂದರೆ ಬೇಸಿಗೆಯ ಕೊನೆಗೆ ಅದು ಗಾಳಿಗೆ ತೂರಿಹೋಗುವ ಎಳೆಯಂತಾಗಿರುತ್ತದೆ. ಜೋಗಕ್ಕೆ ಮುಂಗಾರು ಹೇಗೋ ಹಾಗೆ ಸ್ಟೌಬ್‌ಬಾಖ್‌ಗೆ ಹಿಮ ಕರಗುವ ಮೇ ಮತ್ತು ಜೂನ್ ತಿಂಗಳುಗಳು. ನೋಡಲು ಹಣ ಕೊಡಬೇಕಾಗಿಲ್ಲ, ಮತ್ತು ನನ್ನ ಮಟ್ಟಿಗೆ ಅದು ದೂರದಿಂದ, ಚರ್ಚಿನ ಕಡೆಯಿಂದ, ನೋಡುವ ಜಲಪಾತ. ಬಂಡೆಯಲ್ಲಿ ಕೊರೆದ ದಾರಿ ಹತ್ತಿ ಅದರ ಹಿಂದಕ್ಕೆ ಹೋದರೆ ಬಟ್ಟೆ ಒದ್ದೆಯಾಗುವುದೇ ಹೊರತು ಹೆಚ್ಚಿನದೇನೂ ಕಾಣುವುದಿಲ್ಲ.

ಟ್ರುಮೆಲ್‌ಬಾಖ್ ಇದಕ್ಕೆ ತದ್ವಿರುದ್ಧ. ಊರಿನಿಂದ ಮೂರು ಕಿಲೋಮೀಟರ್ ದೂರದಲ್ಲಿ, ಬಂಡೆಯೊಳಗೆ ಅಡಗಿರುವ ಹತ್ತು ಜಲಪಾತಗಳ ಸರಣಿಯಿದು. ಹೊರಗಿನಿಂದ ನೋಡಿದರೆ ಒಳಗೇನಿದೆಯೆಂದು ಊಹಿಸಲೂ ಆಗದು. ಐಗರ್, ಮೋನ್ಶ್, ಯುಂಗ್‌ಫ್ರಾವ್ ಹಿಮನದಿಗಳ ನೀರೆಲ್ಲ ಈ ಒಂದೇ ಸೀಳಿನಲ್ಲಿ ಇಳಿಯುತ್ತದೆ, ಉಬ್ಬರದ ಹೊತ್ತಿನಲ್ಲಿ ಸೆಕೆಂಡಿಗೆ 20,000 ಲೀಟರಿನವರೆಗೆ. ಸುರಂಗದೊಳಗಿನ ಲಿಫ್ಟಿನಲ್ಲಿ ಮೇಲೇರಿ ಮೆಟ್ಟಿಲುಗಳಲ್ಲಿ ನಡೆಯುವಾಗ ಪಕ್ಕದವರ ಮಾತು ಕೇಳುವುದಿಲ್ಲ, ಕೈಯೂರಿದ ಬಂಡೆ ನಡುಗುವುದು ಅಂಗೈಗೆ ತಿಳಿಯುತ್ತದೆ. ಹಿಮನದಿ ಬಿಸಿಲಿಗೆ ಕರಗುವುದರಿಂದ ಸೆಕೆ ಹೆಚ್ಚಿದ ದಿನಗಳಲ್ಲಿ ನೀರೂ ಹೆಚ್ಚು, ಹೀಗಾಗಿ ಸ್ಟೌಬ್‌ಬಾಖ್ ಸೊರಗುವ ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಟ್ರುಮೆಲ್‌ಬಾಖ್ ಮೈದುಂಬಿರುತ್ತದೆ. ಮೆಟ್ಟಿಲು ಸದಾ ಒದ್ದೆಯಾಗಿರುತ್ತವೆ, ನಾಲ್ಕು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಕೊಟ್ಟ ಹಣಕ್ಕೆ ಸಿಗುವ ಅನುಭವವನ್ನು ಲೆಕ್ಕ ಹಾಕಿದರೆ ಇಡೀ ಕಣಿವೆಯಲ್ಲಿ ಇದನ್ನು ಮೀರಿಸುವುದು ಬೇರಾವುದೂ ಇಲ್ಲ.

ಒಂದೇ ದಿನವಿದ್ದು ಆಕಾಶ ತಿಳಿಯಾಗಿದ್ದರೆ ನಾನು ಬೆಳಿಗ್ಗೆ ಮೆನ್ಲಿಖೆನ್ ನಡಿಗೆ, ಮಧ್ಯಾಹ್ನ ಟ್ರುಮೆಲ್‌ಬಾಖ್ ಎಂದು ಹೇಳುತ್ತೇನೆ. ಎರಡನೆಯ ದಿನವೂ ಇದ್ದರೆ ಶಿಲ್ಟ್‌ಹಾರ್ನ್. ನಡೆಯಲಾಗದ ಹಿರಿಯರು ಜೊತೆಗಿದ್ದರೆ, ಲೌಟರ್‌ಬ್ರುನೆನ್‌ನಿಂದ ಮೇಲಿನ ಗ್ರೂಚ್‌ಆಲ್ಪ್‌ಗೆ ಕೇಬಲ್ ಕಾರಿನಲ್ಲಿ ಹೋಗಿ ಅಲ್ಲಿಂದ ಪುಟ್ಟ ರೈಲಿನಲ್ಲಿ ಮ್ಯುರೆನ್ ತಲುಪಿ ಬೆಂಚಿನ ಮೇಲೆ ಕುಳಿತರೂ ಮೂರು ಶಿಖರಗಳು ಎದುರಿಗಿರುತ್ತವೆ, ಪಾಸ್ ಇದ್ದರೆ ಅದಕ್ಕೆ ಬೇರೆ ಖರ್ಚೂ ಇಲ್ಲ. ಯುಂಗ್‌ಫ್ರಾವ್‌ಯೋಕ್‌ನ ದರ ಸಾರ್ಥಕವಾಗುವುದು ಆಲೆಚ್ ಹಿಮನದಿಯನ್ನು ಕಾಣಲೇಬೇಕು ಎಂದು ಹೊರಟವರಿಗೆ ಮತ್ತು ಮೊದಲ ಬಾರಿ ಹಿಮ ಮುಟ್ಟುವ ಮಕ್ಕಳಿಗೆ, ಅದೂ ಬೆಳಗಿನ ಮೊದಲ ರೈಲುಗಳಲ್ಲಿ ಹೋದರೆ. ಮೋಡ ಕವಿದ ದಿನ ಮೇಲಿನ ಮೂರಕ್ಕೂ ಹಣ ತೆರುವುದು ವ್ಯರ್ಥ. ಆದರೆ ಟ್ರುಮೆಲ್‌ಬಾಖ್‌ಗೆ ಮೋಡದ ಹಂಗಿಲ್ಲ, ಮಳೆ ಬರುತ್ತಿದ್ದರೂ ಹೋಗಬಹುದು.