ಎಂಟು ತಿಂಗಳು ಬಳಸಿದ ಮೈಕ್ರೋಸ್ಕೋಪ್: ಕೊಳ್ಳುವ ಮುನ್ನ ಸ್ಟೇಜಿನ ಕೆಳಗೆ ಬಗ್ಗಿ ನೋಡಿ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ "1600 ಪಟ್ಟು" ಅಂತ ಬರೆದಿತ್ತು. ಎಂಟು ತಿಂಗಳಿಂದ ಹೆಚ್ಚುಕಮ್ಮಿ ದಿನಾ ಈ ಬ್ರೈಟ್ ಫೀಲ್ಡ್ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಿದ್ದೇನೆ. ತುಂಬಾ ಇಷ್ಟವಾಗಿದೆ. ಆದರೆ ಆ ಅಂಕಿ ನೋಡಿ ಮಾತ್ರ ಕೊಳ್ಳಬೇಡಿ.

ಇದರಲ್ಲಿ ಮಾದರಿಯ ಕಡೆಗಿರುವ ಲೆನ್ಸುಗಳು, ಅಂದರೆ 4, 10, 40, 100 ಪಟ್ಟಿನ ನಾಲ್ಕು ಆಬ್ಜೆಕ್ಟಿವ್‌ಗಳಿವೆ. ಕಣ್ಣಿಟ್ಟು ನೋಡುವ ಐಪೀಸ್ 10 ಪಟ್ಟಿನದೊಂದು, 16 ಪಟ್ಟಿನದೊಂದು. 100ನ್ನು 16ರಿಂದ ಗುಣಿಸಿ 1600 ಅಂದಿದ್ದಾರೆ. ಲೆಕ್ಕ ಸರಿ. ಆದರೆ 100ರ ಲೆನ್ಸಿನ ಮೈಮೇಲೆ ಸಣ್ಣದಾಗಿ 1.25 ಅಂತ ಕೆತ್ತಿದೆಯಲ್ಲ, ಅದು ನ್ಯೂಮರಿಕಲ್ ಅಪರ್ಚರ್, ಲೆನ್ಸ್ ಎಷ್ಟು ಅಗಲದ ಬೆಳಕನ್ನು ಹಿಡಿಯುತ್ತದೆ ಅನ್ನುವ ಅಳತೆ. ಎಷ್ಟು ಸೂಕ್ಷ್ಮ ಕಾಣುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಅದೇ. ಹಸಿರು ಬೆಳಕಿನಲ್ಲಿ ಈ ಲೆನ್ಸಿನ ಮಿತಿ ಸುಮಾರು 0.27 ಮೈಕ್ರೋಮೀಟರ್. ಅದಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಒಂದಾಗಿಯೇ ಕಾಣುತ್ತವೆ. ಹಲ್ಲಿನ ಸಂದಿಯಿಂದ ತೆಗೆದ ಬ್ಯಾಕ್ಟೀರಿಯಾವನ್ನು ಎರಡೂ ಐಪೀಸ್‌ಗಳಲ್ಲಿ ನೋಡಿದೆ. 16ರಲ್ಲಿ ಹೊಸದೇನೂ ಕಾಣಲಿಲ್ಲ, ಮಬ್ಬು ಮಾತ್ರ ದೊಡ್ಡದಾಯಿತು. ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಮೊದಲ ವಾರ ಇದನ್ನು ವಾಪಸ್ ಕಳಿಸಲು ಹೊರಟಿದ್ದೆ. ಕೆನ್ನೆಯ ಒಳಗಿಂದ ಕೆರೆದ ಜೀವಕೋಶಗಳನ್ನು ಸ್ಲೈಡಿನ ಮೇಲೆ ಹರಡಿ, 40ರ ಲೆನ್ಸ್ ಹಾಕಿ ನೋಡಿದರೆ ಬರೀ ಹಾಲಿನಂಥ ಬಿಳುಪು. ಲೆನ್ಸೇ ಕೆಟ್ಟದ್ದು ಅಂದುಕೊಂಡೆ. ಆಮೇಲೆ ಬಗ್ಗಿ ಸ್ಟೇಜಿನ, ಅಂದರೆ ಸ್ಲೈಡ್ ಇಡುವ ತಟ್ಟೆಯ, ಕೆಳಗೆ ನೋಡಿದೆ. ದೀಪದ ಬೆಳಕನ್ನು ಕೂಡಿಸುವ ಕಂಡೆನ್ಸರ್ ಪೂರ್ತಿ ಕೆಳಗೆ ಜಾರಿತ್ತು, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಪೂರ್ತಿ ತೆರೆದಿತ್ತು. ಕಂಡೆನ್ಸರನ್ನು ಸ್ಲೈಡಿಗೆ ಇನ್ನೇನು ತಾಗುತ್ತದೆ ಅನ್ನುವಷ್ಟು ಮೇಲೆತ್ತಿ, ಐರಿಸ್ ಹಿಡಿಯನ್ನು ನಿಧಾನಕ್ಕೆ ಸರಿಸಿದೆ. ಪೆನ್ಸಿಲಿನಲ್ಲಿ ಗೀಚಿದ ಹಾಗೆ ಕೋಶಗಳ ಅಂಚು ಮೂಡಿತು. ಒಂದೊಂದರ ನಡುವೆಯೂ ಬೀಜದಂಥ ಒಂದು ನ್ಯೂಕ್ಲಿಯಸ್!

ಈ ಮೈಕ್ರೋಸ್ಕೋಪ್ ಕೆಲಸ ಮಾಡುವ ರೀತಿಯೇ ಹಾಗೆ. ಕೆಳಗಿನ ದೀಪದ ಬೆಳಕನ್ನು ಕಂಡೆನ್ಸರ್ ಶಂಕುವಿನ ಆಕಾರಕ್ಕೆ ಕೂಡಿಸಿ ಮಾದರಿಯ ಮೂಲಕ ಹಾಯಿಸುತ್ತದೆ. ಬೆಳಕನ್ನು ಹೀರಿಕೊಂಡ ಜಾಗ ಕಪ್ಪಾಗಿ ಕಾಣುತ್ತದೆ, ಸುತ್ತಲಿನ ಹಿನ್ನೆಲೆ ಬೆಳ್ಳಗೆ ಉಳಿಯುತ್ತದೆ. ಬ್ರೈಟ್ ಫೀಲ್ಡ್ ಅನ್ನುವ ಹೆಸರು ಬಂದದ್ದೂ ಅದರಿಂದಲೇ. ಕಷ್ಟ ಏನಂದರೆ, ಬಣ್ಣವಿಲ್ಲದ ಜೀವಕೋಶ ಬೆಳಕನ್ನು ಹೀರುವುದೇ ಕಡಿಮೆ. ಐರಿಸ್ ಮುಚ್ಚಿದರೆ ಅಂಚು ಎದ್ದು ಕಾಣುತ್ತದೆ, ಆದರೆ ಜಾಸ್ತಿ ಮುಚ್ಚಿದರೆ ಸೂಕ್ಷ್ಮ ವಿವರ ಹೋಗುತ್ತದೆ. ನಾನು ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ, ಬೆಳಕಿನ ವೃತ್ತ ಮುಕ್ಕಾಲು ಭಾಗ ತುಂಬುವಷ್ಟು ಇಡುತ್ತೇನೆ. ಇನ್ನೊಂದು ದಾರಿ ಬಣ್ಣ. ಮೆಥಿಲೀನ್ ಬ್ಲೂ ಒಂದು ಹನಿ ಹಾಕಿ, ಒಂದು ನಿಮಿಷ ಬಿಟ್ಟು ನೋಡಿ. ನ್ಯೂಕ್ಲಿಯಸ್ ಗಾಢ ನೀಲಿಯಾಗಿರುತ್ತದೆ.

100ರ ಲೆನ್ಸಿಗೂ ಸ್ಲೈಡಿಗೂ ನಡುವೆ ಎಣ್ಣೆ ಬೇಕೇ ಬೇಕು. ಇಮ್ಮರ್ಶನ್ ಎಣ್ಣೆ ಬೆಳಕನ್ನು ಬಗ್ಗಿಸುವ ಪ್ರಮಾಣ 1.515, ಗಾಜಿನದೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಬೆಳಕು ಗಾಳಿಗೆ ಬಿದ್ದು ಆಚೆ ಚೆದುರದೆ ನೇರ ಲೆನ್ಸಿಗೆ ಹೋಗುತ್ತದೆ. ಮುಗಿದ ಮೇಲೆ ಲೆನ್ಸ್ ಪೇಪರಿನಲ್ಲಿ ಒರೆಸಿಡಿ. ಅಪ್ಪಿತಪ್ಪಿಯೂ ಎಣ್ಣೆಯನ್ನು 40ರ ಲೆನ್ಸಿಗೆ ತಾಗಿಸಬೇಡಿ.

ನನಗೆ ನಿಜಕ್ಕೂ ಬೇಸರ ತಂದದ್ದು ಜೊತೆಗೆ ಕೊಟ್ಟ, ಮಾದರಿಯ ಮೇಲೆ ಮುಚ್ಚುವ ತೆಳು ಗಾಜುಗಳು, ಅಂದರೆ ಕವರ್ ಗ್ಲಾಸ್‌ಗಳು. ಲೆನ್ಸಿನ ಮೇಲೆ 160/0.17 ಅಂತ ಕೆತ್ತಿದ್ದಾರೆ. ಕೊನೆಯದು ಕವರ್ ಗ್ಲಾಸ್ 0.17 ಮಿಲಿಮೀಟರ್ ದಪ್ಪ ಇರಬೇಕು ಅನ್ನುವ ಸೂಚನೆ. ಕೊಟ್ಟದ್ದು ಅದಕ್ಕಿಂತ ದಪ್ಪ. 40ರಲ್ಲಿ ಎಲ್ಲದರ ಮೇಲೂ ತೆಳು ಮಂಜು ಕವಿದ ಹಾಗೆ. ಸರಿಯಾದವನ್ನು ಬೇರೆ ತರಿಸಿದ ದಿನವೇ ಮಂಜು ಹೋಯಿತು. ತಾವೇ ಕೆತ್ತಿದ ಅಂಕಿಯನ್ನು ತಾವೇ ಪಾಲಿಸಬೇಕಿತ್ತು, ಅಲ್ವಾ?

ಸ್ಟೇಜ್ ಸರಿಸುವ ತಿರುಪು ಸ್ವಲ್ಪ ಬಿಗಿ. ಫೋಕಸ್ ಚೆನ್ನಾಗಿದೆ, 10ರಿಂದ 40ಕ್ಕೆ ಹೋದಾಗ ಸಣ್ಣ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಸಾಕು. ಬಿಂಬ ತಲೆಕೆಳಗು, ಬಲಕ್ಕೆ ಸರಿಸಿದರೆ ಎಡಕ್ಕೆ ಓಡುತ್ತದೆ. ಎರಡು ದಿನದಲ್ಲಿ ಕೈಗೆ ರೂಢಿಯಾಗುತ್ತದೆ.

ನಿನ್ನೆ ರಾತ್ರಿ ಕೊಳದ ನೀರಿನ ಒಂದು ಹನಿಯಲ್ಲಿ ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿ ಸಿಕ್ಕಿತು. ಹತ್ತಿಯ ಎಳೆಗಳ ನಡುವೆ ಸಿಕ್ಕಿಹಾಕಿಕೊಂಡು ನಿಂತಿತ್ತು. ಬಣ್ಣ ಹಾಕಲಿಲ್ಲ, ಸುಮ್ನೆ ಐರಿಸ್ ಅರ್ಧ ಮುಚ್ಚಿದೆ. ಮೈಯೊಳಗೆ ಒಂದು ಪುಟ್ಟ ಗುಳ್ಳೆ ನಿಧಾನಕ್ಕೆ ತುಂಬಿಕೊಂಡು, ಪಟ್ಟನೆ ಮಾಯವಾಗಿ, ಮತ್ತೆ ಅದೇ ಜಾಗದಲ್ಲಿ ಮೂಡುತ್ತಿತ್ತು. ಒಳಗೆ ಸೇರಿದ ನೀರನ್ನು ಅದು ಹೊರಹಾಕುವುದು ಹಾಗೆ. ಹನಿ ಆರುವವರೆಗೂ ನೋಡುತ್ತಾ ಕೂತಿದ್ದೆ.