ಆಸ್ತಿ ತೆರಿಗೆಯ ಆನ್‌ಲೈನ್ ಸೇವೆ: ಪಾವತಿ ಸುಲಭ, ಲೆಕ್ಕ ಅಸ್ಪಷ್ಟ

ಮನೆ ಮಾಲೀಕರು ಕಚೇರಿಗೆ ಹೋಗದೆಯೇ ಆಸ್ತಿ ತೆರಿಗೆ ಕಟ್ಟಲೆಂದು ಸ್ಥಳೀಯ ಸಂಸ್ಥೆಯೊಂದು ಒದಗಿಸಿರುವ ಜಾಲತಾಣವನ್ನು ಬಳಸಿದ ಮೇಲಿನ ಅಭಿಪ್ರಾಯವಿದು. ಪಾವತಿಯ ಬಗ್ಗೆ ದೂರಿಲ್ಲ. ಆಸ್ತಿ ಸಂಖ್ಯೆ ನಮೂದಿಸಿದರೆ ಬಾಕಿ ಕಾಣುತ್ತದೆ, ಹಣ ಸಂದಾಯವಾದ ಕೂಡಲೇ ರಸೀದಿ ಬರುತ್ತದೆ.

ಕೊರತೆಯಿರುವುದು ಆ ಮೊತ್ತ ಹೇಗೆ ಬಂತೆಂಬ ವಿವರಣೆಯಲ್ಲಿ. ಸಾಮಾನ್ಯವಾಗಿ ಆಸ್ತಿಯ ಮಾರುಕಟ್ಟೆ ಮೌಲ್ಯ, ಅದು ತರಬಹುದಾದ ವಾರ್ಷಿಕ ಬಾಡಿಗೆ ಅಥವಾ ಕಟ್ಟಡದ ವಿಸ್ತೀರ್ಣವನ್ನು ಆಧರಿಸಿ ತೆರಿಗೆಯ ಮೌಲ್ಯವನ್ನು ನಿಗದಿಪಡಿಸಿ, ಅನ್ವಯವಾಗುವ ವಿನಾಯಿತಿಗಳನ್ನು ಕಳೆದು, ಉಳಿದುದಕ್ಕೆ ದರವನ್ನು ಹಾಕುತ್ತಾರೆ. ಇಲ್ಲಿ ಕಾಣುವುದು ಕೊನೆಯ ಮೊತ್ತ ಮಾತ್ರ. ಏರಿದ್ದು ಮೌಲ್ಯವೋ ದರವೋ ಎಂಬುದೇ ತಿಳಿಯದಿದ್ದರೆ ಮಾಲೀಕರು ಯಾವುದನ್ನು ಪ್ರಶ್ನಿಸಬೇಕು? ಮೌಲ್ಯಮಾಪನ ತಪ್ಪಾಗಿದ್ದರೆ ಮೇಲ್ಮನವಿ ಸಲ್ಲಿಸಬಹುದು. ದರವಾದರೋ ಆಡಳಿತದ ನಿರ್ಧಾರ, ಅದನ್ನು ಅರ್ಜಿಯಿಂದ ಇಳಿಸಲಾಗದು. ಬೇಕಾದ ಒಟ್ಟು ಆದಾಯವನ್ನು ಮೊದಲು ನಿರ್ಧರಿಸಿ ಎಲ್ಲ ಆಸ್ತಿಗಳಿಗೂ ಹಂಚುವ ಪದ್ಧತಿಯಿರುವಲ್ಲಿ, ಎಲ್ಲರ ಮೌಲ್ಯವೂ ಒಂದೇ ಪ್ರಮಾಣದಲ್ಲಿ ಏರಿದರೆ ಯಾರ ಪಾಲೂ ಹೆಚ್ಚುವುದಿಲ್ಲ ಎಂಬ ಸಂಗತಿ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ (ಗೊತ್ತಾಗುವಂತೆ ಹೇಳುವವರೂ ಕಡಿಮೆ).

ವಿನಾಯಿತಿಯ ಅರ್ಜಿಯನ್ನು ಒಳಪುಟದಲ್ಲೆಲ್ಲೋ ಇಟ್ಟಿದ್ದಾರೆ. ಹಲವು ವಿನಾಯಿತಿಗಳು ಕೇಳಿದವರಿಗಷ್ಟೇ ಸಿಗುವಂಥವಾದ್ದರಿಂದ ಇದು ಸಣ್ಣ ಲೋಪವಲ್ಲ. ಮೇಲ್ಮನವಿಯ ಗಡುವಂತೂ ಎಲ್ಲಿಯೂ ಕಾಣುವುದಿಲ್ಲ.

ಐದರಲ್ಲಿ ಮೂರು ಅಂಕ. ಬಳಸುವವರು ಹಣ ಕಟ್ಟುವ ಮೊದಲು ದಾಖಲೆಯಲ್ಲಿರುವ ವಿಸ್ತೀರ್ಣ, ಕಟ್ಟಡದ ವಯಸ್ಸು ಮತ್ತು ಸ್ವಂತ ವಾಸವೋ ಬಾಡಿಗೆಯೋ ಎಂಬ ನಮೂದನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು.